ಪ್ಲಾನ್ ಆಮೇಲೆ, ಮೊದಲು ಕಂಬ ನೋಡಿ: ಮನೆ ನೆಟ್ ಬದಲಿಸುವ ಲೆಕ್ಕಾಚಾರ

ನಮ್ಮ ಮನೆ ಇಂಟರ್ನೆಟ್ಟಿನ ಆರು ತಿಂಗಳ ಪ್ಯಾಕ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕಂಪನಿಯಿಂದ ಮೆಸೇಜ್ ಮೇಲೆ ಮೆಸೇಜ್ ಬರುತ್ತಿದೆ. ಈಗಲೇ ಕಟ್ಟಿದರೆ ಒಂದು ತಿಂಗಳು ಫ್ರೀ, ವರ್ಷದ್ದು ಒಟ್ಟಿಗೆ ಕಟ್ಟಿದರೆ ಇನ್ನೂ ಜಾಸ್ತಿ ಫ್ರೀ, ಅದರ ಮೇಲೆ ಯಾವುದೋ ಒಟಿಟಿ ಫ್ರೀ. ಇಷ್ಟು ವರ್ಷ ಮೆಸೇಜ್ ಬಂದ ತಕ್ಷಣ ಫೋನ್ ತೆಗೆದು ಯುಪಿಐ ಮಾಡಿ ಮುಗಿಸುತ್ತಿದ್ದೆ. ಬದಲಿಸುವ ರಗಳೆಗಿಂತ ಕಟ್ಟುವುದೇ ಸುಲಭ ಅಲ್ವಾ, ಅದು ಆ ಕಂಪನಿಯವರಿಗೂ ಚೆನ್ನಾಗಿ ಗೊತ್ತು. ಈ ಸಲ ಕಟ್ಟಿಲ್ಲ. ಬದಲಿಸಬೇಕಾ ಬೇಡವಾ ಅಂತ ಸ್ವಲ್ಪ ತಲೆ ಕೆಡಿಸಿಕೊಂಡೆ, ಗೊತ್ತಿರುವವರನ್ನು ಕೇಳಿದೆ, ಬೀದಿಯ ಕಂಬ ನೋಡಿಕೊಂಡು ಬಂದೆ. ಅದನ್ನೆಲ್ಲ ಬರೆದಿಡುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವ ಯಾರಿಗಾದರೂ ಉಪಯೋಗ ಆಗಬಹುದು.

ಮನೆ ಬೆಂಗಳೂರಿನ ವಿಜಯನಗರದ ಕಡೆ. ಬಾಡಿಗೆ ಮನೆ, ಎರಡನೇ ಮಹಡಿ, ಹಳೇ ಕಾಲದ ದಪ್ಪ ಗೋಡೆ. ಹಗಲು ಹೊತ್ತು ನೆಟ್ ಬಗ್ಗೆ ದೂರೇ ಇಲ್ಲ. ರಾತ್ರಿ ಎಂಟು ಆಗುತ್ತಿದ್ದ ಹಾಗೆ ಶುರು. ನನ್ನ ಹೆಂಡತಿಗೆ ಅಮೆರಿಕದ ಟೀಮ್ ಜೊತೆ ಮೀಟಿಂಗ್ ಇರುವುದು ಅದೇ ಹೊತ್ತಿಗೆ, ಅಪ್ಪ ಯೂಟ್ಯೂಬಲ್ಲಿ ಹರಿಕಥೆ ಹಾಕಿಕೊಳ್ಳುವುದು ಅದೇ ಹೊತ್ತಿಗೆ, ಮಗಳ ಹೋಮ್‌ವರ್ಕ್ ವಿಡಿಯೋ ಕೂಡ ಅದೇ ಹೊತ್ತಿಗೆ. ಹರಿಕಥೆ ಸುತ್ತು ಹೊಡೆದುಕೊಂಡು ನಿಂತರೆ ಅಪ್ಪ ತಾಳ್ಮೆಯಿಂದ ಕಾಯುತ್ತಾರೆ. ಮೀಟಿಂಗ್‌ನಲ್ಲಿ ಮಾತು ತುಂಡಾದರೆ ಮನೆಯಲ್ಲಿ ಯಾರೂ ತಾಳ್ಮೆಯಿಂದ ಕಾಯುವುದಿಲ್ಲ. "ನೀವು ಬದಲಾಯಿಸ್ತೀರೋ, ಇಲ್ಲ ನಾನೇ ಫೋನ್ ಮಾಡ್ಲೋ" ಅನ್ನುವ ಹಂತಕ್ಕೆ ಬಂದಿತ್ತು.

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ: ಆಫೀಸ್ ಗ್ರೂಪಿನಲ್ಲಿ ಕೇಳಿದೆ. ಯಾವ ನೆಟ್ ಚೆನ್ನಾಗಿದೆ? ಒಂದೇ ಕಂಪನಿಯ ಹೆಸರು ಹೇಳಿ ಜಯನಗರದವರು "ಬಂಗಾರ, ಕಣ್ಣು ಮುಚ್ಚಿಕೊಂಡು ಹಾಕಿಸಿ" ಅಂದರು, ಯಲಹಂಕದವರು "ಅಪ್ಪಿತಪ್ಪಿಯೂ ಬೇಡ" ಅಂದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆಗಲೇ ನನಗೆ ಅನ್ನಿಸಿದ್ದು, ನಾವು ಆರಿಸಿಕೊಳ್ಳುತ್ತಿರುವುದು ಕಂಪನಿಯನ್ನೇ ಅಲ್ಲ. ನಮ್ಮ ಬೀದಿಗೆ ಆ ಕಂಪನಿ ಎಳೆದಿರುವ ತಂತಿಯನ್ನು, ಅದನ್ನು ನೋಡಿಕೊಳ್ಳುವ ಹುಡುಗನನ್ನು. ಹೆಡ್ ಆಫೀಸ್ ಎಷ್ಟೇ ದೊಡ್ಡದಿರಲಿ, ನಮ್ಮ ಮನೆಗೆ ಸಂಬಂಧ ಇರುವುದು ಕೊನೆಯ ಅರ್ಧ ಕಿಲೋಮೀಟರ್ ಮಾತ್ರ.

ಆದರೆ ಅದಕ್ಕೂ ಮುಂಚೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ತೊಂದರೆ ಇರುವುದು ಎಲ್ಲಿ? ಮನೆಯಲ್ಲಿ ನೀರು ಸಣ್ಣಗೆ ಬಂದರೆ ಕಾವೇರಿ ನೀರೇ ಬಿಟ್ಟಿಲ್ಲವೋ, ಸಂಪು ಖಾಲಿಯೋ, ನಲ್ಲಿಯ ಬಾಯಲ್ಲಿ ಕಸ ಕಟ್ಟಿದೆಯೋ ಅಂತ ನೋಡುತ್ತೇವಲ್ಲ, ನೆಟ್ಟಿಗೂ ಹಾಗೇ ನೋಡಬೇಕು. ಎಷ್ಟೋ ಜನ ಕಂಪನಿ ಬದಲಿಸಿ, ಹೊಸ ರೂಟರನ್ನು ಅದೇ ಹಳೇ ಜಾಗದಲ್ಲಿ, ಟಿವಿ ಹಿಂದೆ ಅಥವಾ ಅಟ್ಟದ ಮೇಲೆ ಇಡಿಸಿ, ಒಂದು ವಾರದ ಮೇಲೆ ಹೊಸ ಕಂಪನಿಯನ್ನೂ ಬೈಯಲು ಶುರು ಮಾಡುತ್ತಾರೆ. ಅದು ವೈಫೈ ತೊಂದರೆ. ಯಾವ ಕಂಪನಿ ಬಂದರೂ ಆ ಗೋಡೆ ಅಲ್ಲೇ ಇರುತ್ತದೆ.

ಪರೀಕ್ಷೆ ಕಷ್ಟ ಏನಿಲ್ಲ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಹಾಕಿ ನೇರ ರೂಟರಿಗೆ ಸಿಕ್ಕಿಸಿ. ವೈಫೈ ಆಫ್ ಮಾಡಿ. ಆಮೇಲೆ ಸ್ಪೀಡ್ ಟೆಸ್ಟ್ ಮಾಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಪೀಡ್ ಟೆಸ್ಟ್ ಆ್ಯಪ್‌ಗಳು ತಾವಾಗಿಯೇ ಹತ್ತಿರದ ಸರ್ವರ್ ಹುಡುಕಿಕೊಳ್ಳುತ್ತವೆ, ಅದು ಎಷ್ಟೋ ಸಲ ನಿಮ್ಮ ಕಂಪನಿಯದ್ದೇ ಸರ್ವರ್ ಆಗಿರುತ್ತದೆ. ತನ್ನ ಮನೆಯಿಂದ ತನ್ನ ಮನೆಗೆ ಸ್ಪೀಡು ಚೆನ್ನಾಗಿಯೇ ಇರುತ್ತದೆ. ಬೇರೆಯವರ ಸರ್ವರ್ ಆರಿಸಿ, ಮುಂಬೈಯದ್ದೋ ಚೆನ್ನೈಯದ್ದೋ ಆರಿಸಿ ನೋಡಿ. ಇನ್ನೊಂದು, ಎಂಬಿಪಿಎಸ್ ಅಂದರೆ ಬಿಟ್ ಲೆಕ್ಕ, ಡೌನ್‌ಲೋಡ್ ಆಗುವಾಗ ಕಾಣುವ ಎಂಬಿ ಬೈಟ್ ಲೆಕ್ಕ. ಎಂಟರಿಂದ ಭಾಗಿಸಬೇಕು. 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 12 ಎಂಬಿ ಬಂದರೆ ಕಂಪನಿ ಕೊಟ್ಟ ಮಾತು ಉಳಿಸಿಕೊಂಡಿದೆ ಅಂತಲೇ ಅರ್ಥ. ಹಾಗೇ, ಲ್ಯಾಪ್‌ಟಾಪಿನದ್ದೋ ರೂಟರಿನದ್ದೋ ಲ್ಯಾನ್ ಪೋರ್ಟ್ ಹಳೆಯದಾದರೆ ಅದರ ತಾಕತ್ತೇ 100 ಎಂಬಿಪಿಎಸ್. ಅದರಲ್ಲಿ 300ರ ಪ್ಲಾನ್ ಪರೀಕ್ಷೆ ಮಾಡಿ ಮೋಸ ಅಂತ ಕೂಗಾಡಿ ಪ್ರಯೋಜನ ಇಲ್ಲ.

ಸ್ಪೀಡಿಗಿಂತ ನನಗೆ ಜಾಸ್ತಿ ಸತ್ಯ ಹೇಳಿದ್ದು ಪಿಂಗ್, ಅಂದರೆ ಕಂಪ್ಯೂಟರಿನಿಂದ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಆಯಿತು ಅಂತ ನೋಡುವುದು. ಮೂರು ಕಿಟಕಿ ತೆಗೆದು ಮೂರು ಕಡೆಗೆ ಪಿಂಗ್ ಓಡಿಸಿದೆ: ನಮ್ಮ ರೂಟರಿಗೆ ಒಂದು, ರೂಟರ್ ದಾಟಿದ ಮೇಲೆ ಕಂಪನಿಯ ಮೊದಲ ಗೇಟಿಗೆ ಒಂದು, ಹೊರಗಿನ 8.8.8.8ಕ್ಕೆ (ಅದು ಗೂಗಲ್‌ನ ಸರ್ವರ್) ಒಂದು. ಕಂಪನಿಯ ಗೇಟಿನ ವಿಳಾಸ, ದಾರಿಯ ಒಂದೊಂದೇ ನಿಲ್ದಾಣ ತೋರಿಸುವ ಟ್ರೇಸ್‌ರೂಟ್ ಕಮಾಂಡ್ ಓಡಿಸಿದರೆ ಎರಡನೇ ಸಾಲಿನಲ್ಲಿ ಸಿಗುತ್ತದೆ. ಮನೆಯ ರೂಟರಿಗೆ ಹೋಗಿ ಬರುವುದೇ ತಡ ಆದರೆ ತಪ್ಪು ನಮ್ಮ ಮನೆಯದ್ದು. ಮೊದಲ ಗೇಟಿಗೇ ತಡ ಆದರೆ ತಪ್ಪು ಬೀದಿಯದ್ದು, ಅಂದರೆ ಕಂಪನಿಯದ್ದು. ಗೇಟಿನ ತನಕ ಚೆನ್ನಾಗಿದ್ದು ಹೊರಗೆ ಮಾತ್ರ ತಡ ಆದರೆ ಅದು ಇನ್ನೂ ಮೇಲಿನ ತೊಂದರೆ. ನಮ್ಮ ಮನೆಯಲ್ಲಿ ಹಗಲು ಎಲ್ಲವೂ ಸಲೀಸು. ರಾತ್ರಿ ಎಂಟರ ಮೇಲೆ ರೂಟರ್ ತನಕ ಏನೂ ತೊಂದರೆ ಇಲ್ಲ, ಕಂಪನಿಯ ಮೊದಲ ಗೇಟಿಗೇ 200 ಮಿಲಿಸೆಕೆಂಡ್, ಮಧ್ಯೆ ಮಧ್ಯೆ ಉತ್ತರವೇ ಇಲ್ಲ. ಕೆಲವು ಸಂಜೆ ಹೀಗೇ ನೋಡಿದೆ. ಪ್ರತಿ ಸಲ ಅದೇ ಕಥೆ. ಹತ್ತೂವರೆ ದಾಟಿದರೆ ತಾನಾಗಿ ಸರಿ ಹೋಗುತ್ತದೆ.

ಹೀಗೆ ಯಾಕೆ ಆಗುತ್ತದೆ? ಮನೆಗೆ ಬರುವ ಫೈಬರ್ ನಮ್ಮೊಬ್ಬರದ್ದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಈಗ ಹೆಚ್ಚಿನ ಕಡೆ ಇರುವುದು ಜಿಪಾನ್ ಅನ್ನುವ ವ್ಯವಸ್ಥೆ. ಒಂದು ಫೈಬರ್ ಹೊರಟು, ದಾರಿಯಲ್ಲಿ ಸ್ಪ್ಲಿಟರ್ ಅನ್ನುವ ಡಬ್ಬಿಯಲ್ಲಿ ಕವಲಾಗಿ 32 ಅಥವಾ 64 ಮನೆಗೆ ಹೋಗುತ್ತದೆ. ಆ ಒಂದು ಫೈಬರ್ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರ ಅರ್ಧ ಹೊರಬಲ್ಲದು. 64 ಮನೆಗೆ ಹಂಚಿದರೂ ಸಾಮಾನ್ಯವಾಗಿ ಸಾಲುತ್ತದೆ, ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆಯುವುದಿಲ್ಲ. ಇಕ್ಕಟ್ಟು ಆಗುವುದು ಅದರ ಹಿಂದೆ: ಇಂಥ ಎಷ್ಟೋ ಗುಂಪುಗಳನ್ನು ಸೇರಿಸಿ ಊರಿನ ಮುಖ್ಯ ಜಾಗಕ್ಕೆ ಕೊಂಡೊಯ್ಯುವ ಲೈನ್ ಇರುತ್ತದಲ್ಲ, ಗಿರಾಕಿಗಳು ಜಾಸ್ತಿ ಆದ ಹಾಗೆ ಆ ಲೈನನ್ನೂ ದಪ್ಪ ಮಾಡುತ್ತಾ ಹೋಗಬೇಕು. ಕೆಲವರು ಮಾಡುತ್ತಾರೆ, ಕೆಲವರು ಗಿರಾಕಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾ ಹೋಗುತ್ತಾರೆ. ಕಾಲ್ ಸೆಂಟರಿಗೆ ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್" ಅನ್ನುತ್ತಾರೆ. ಮಾಡಿದೆ. ಪ್ಲಾನ್ ದೊಡ್ಡದು ಮಾಡಿಸಿ ಅಂದರು. ಅದು ಮಾಡಲಿಲ್ಲ. ಲೈನೇ ಇಕ್ಕಟ್ಟಾಗಿರುವಾಗ 100 ತೆಗೆದು 300 ಮಾಡಿಸಿದರೆ ಬಿಲ್ ಒಂದು ದೊಡ್ಡದಾಗುತ್ತದೆ ಅಷ್ಟೇ.

ಅಷ್ಟಕ್ಕೂ ಒಂದು ಮನೆಗೆ ಎಷ್ಟು ಸ್ಪೀಡ್ ಬೇಕು? ನೆಟ್‌ಫ್ಲಿಕ್ಸಿನವರೇ ಫುಲ್ ಎಚ್‌ಡಿಗೆ 5, ಫೋರ್‌ಕೆಗೆ 15 ಎಂಬಿಪಿಎಸ್ ಸಾಕು ಅನ್ನುತ್ತಾರೆ. ವಿಡಿಯೋ ಮೀಟಿಂಗಿಗೆ ಮೂರ್ನಾಲ್ಕು ಸಾಕು. ಮನೆಯವರೆಲ್ಲ ಒಟ್ಟಿಗೆ ಏನೇನು ಹಾಕಿಕೊಂಡರೂ 100 ದಾಟುವುದಿಲ್ಲ. ಮೀಟಿಂಗ್ ತುಂಡಾಗುವುದು ಸ್ಪೀಡ್ ಕಡಿಮೆ ಅಂತಲ್ಲ, ಮಧ್ಯೆ ಮಧ್ಯೆ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಣುಕು, ಕಳೆದು ಹೋಗುವುದರಿಂದ. ಆದರೆ ಬ್ಯಾನರಿನಲ್ಲಿ ದೊಡ್ಡದಾಗಿ ಹಾಕಲು ಸಿಗುವ ಅಂಕಿ ಸ್ಪೀಡ್ ಒಂದೇ. ನೀವು ದಿನಾ ದೊಡ್ಡ ಫೈಲ್ ಮೇಲೆ ಕಳಿಸುವ ಕೆಲಸದವರಾದರೆ ಅಪ್‌ಲೋಡ್ ಎಷ್ಟು ಅಂತ ಮಾತ್ರ ಬಿಡಿಸಿ ಕೇಳಿ, ಕೆಲವು ಪ್ಲಾನಿನಲ್ಲಿ ಅದು ಡೌನ್‌ಲೋಡಿಗಿಂತ ತೀರಾ ಕಡಿಮೆ ಇರುತ್ತದೆ.

ನಗು ಬರುತ್ತದೆ ಒಮ್ಮೊಮ್ಮೆ. ಬಿಎಸ್‌ಎನ್‌ಎಲ್ ಡೇಟಾಒನ್ ಬಂದಿದ್ದು 2005ರಲ್ಲಿ. 256 ಕೆಬಿಪಿಎಸ್. ಅದಕ್ಕೇ ಬ್ರಾಡ್‌ಬ್ಯಾಂಡ್ ಅಂತ ಹೆಸರು. ಹೋಮ್ 500 ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರ ತನಕ ಲೆಕ್ಕ ಇಲ್ಲ, ಅದಕ್ಕಾಗಿ ಎಷ್ಟು ಹುಡುಗರು ಅಲಾರಾಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಾಕಿ ಮಲಗಿದ್ದಾರೋ ದೇವರಿಗೇ ಗೊತ್ತು. ಸರಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಆಗಿದ್ದೇ 2023ರ ಜನವರಿಯಲ್ಲಿ. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಅಂದರೆ ನಮ್ಮ ಮನೆ ನೆಟ್ ರಾತ್ರಿ ಹೊತ್ತು ತೆವಳುವಾಗಲೂ ಕಾನೂನು ಪ್ರಕಾರ ಬ್ರಾಡ್‌ಬ್ಯಾಂಡೇ.

ಸರಿ, ತೊಂದರೆ ಮನೆಯದ್ದಲ್ಲ, ಬೀದಿಯದ್ದು ಅಂತ ಖಾತ್ರಿ ಆಯಿತು. ಬದಲಿಸುವುದಾದರೆ ಯಾರ ಹತ್ತಿರ ಹೋಗುವುದು?

ನಮ್ಮ ಬೀದಿಯ ಮೂಲೆಯಲ್ಲಿ ಭಾನುವಾರ ಒಂದು ಬಣ್ಣದ ಛತ್ರಿ, ಒಂದು ಟೇಬಲ್, ಟೀ ಶರ್ಟ್ ಹಾಕಿಕೊಂಡ ಇಬ್ಬರು ಹುಡುಗರು ಕೂತಿರುತ್ತಾರೆ. ಹೋಗಿ ಮಾತಾಡಿಸಿದೆ.

"ಸಾರ್, 300 ಎಂಬಿಪಿಎಸ್ ಹಾಕ್ಕೊಳಿ ಸಾರ್, ಆರು ತಿಂಗಳು ಒಟ್ಟಿಗೆ ಕಟ್ಟಿದ್ರೆ ರೂಟರ್ ಫ್ರೀ, ಇನ್‌ಸ್ಟಾಲೇಶನ್ ಫ್ರೀ."

"ಮನೆ ಒಳಗಡೆ ತನಕ ಫೈಬರ್ ಬರುತ್ತಾ, ಇಲ್ಲಾ ಕಂಬದಿಂದ ಲ್ಯಾನ್ ಕೇಬಲ್ ಎಳೀತೀರಾ?"

"ಫೈಬರೇ ಸಾರ್, ಹಂಡ್ರೆಡ್ ಪರ್ಸೆಂಟ್."

"ಯಾವ ಕಂಬದಿಂದ ಬರುತ್ತೆ? ಮುಂದುಗಡೆ ರೋಡಿಂದಾನಾ, ಹಿಂದುಗಡೆ ಕ್ರಾಸಿಂದಾನಾ?"

"ಅದೆಲ್ಲ ಟೆಕ್ನಿಕಲ್ ಟೀಮ್ ನೋಡ್ಕೊಳುತ್ತೆ ಸಾರ್. ಆಧಾರ್ ಇದ್ಯಾ?"

ಪಾಪ, ಅವರ ಕೆಲಸ ಅಷ್ಟೇ. ಆದರೆ ನಾನು ಕೇಳಿದ ಆ ಎರಡು ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ಫೈಬರಾ ಲ್ಯಾನಾ ಅನ್ನುವುದು ಯಾಕೆ ಮುಖ್ಯ ಅಂದರೆ ಕರೆಂಟು. ಬೆಂಗಳೂರಿನಲ್ಲಿ ಇನ್ನೂ ಎಷ್ಟೋ ಕಡೆ ಫೈಬರ್ ಬೀದಿಯ ತನಕ ಬರುತ್ತದೆ, ಅಲ್ಲಿ ಒಂದು ಕಬ್ಬಿಣದ ಡಬ್ಬಿಯಲ್ಲಿ ಸ್ವಿಚ್ ಇರುತ್ತದೆ, ಅಲ್ಲಿಂದ ಮನೆಗಳಿಗೆ ಲ್ಯಾನ್ ಕೇಬಲ್. ಆ ಸ್ವಿಚ್‌ಗೆ ಯಾರದ್ದೋ ಮನೆಯಿಂದಲೋ ಅಂಗಡಿಯಿಂದಲೋ ಕರೆಂಟ್ ತೆಗೆದುಕೊಂಡಿರುತ್ತಾರೆ. ಅವರ ಮನೆಯಲ್ಲಿ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ನೆಟ್ ಇಲ್ಲ. ಜಿಪಾನ್‌ನಲ್ಲಿ ದಾರಿಯಲ್ಲಿರುವ ಸ್ಪ್ಲಿಟರಿಗೆ ಕರೆಂಟೇ ಬೇಡ, ಅದು ಬರೀ ಬೆಳಕನ್ನು ಒಡೆಯುವ ಗಾಜು. ಮನೆಯ ರೂಟರ್ ಡಬ್ಬಿಗೊಂದು, ಆ ಕಡೆ ಕಂಪನಿಯ ಎಕ್ಸ್‌ಚೇಂಜಿಗೊಂದು ಕರೆಂಟ್ ಇದ್ದರೆ ನಡೆಯುತ್ತದೆ. ರೂಟರಿಗೆ ಹಾಕುವ 12 ವೋಲ್ಟಿನ ಸಣ್ಣ ಯುಪಿಎಸ್ ಒಂದು ತಂದಿಟ್ಟರೆ ಕರೆಂಟ್ ಹೋದಾಗಲೂ ಮೀಟಿಂಗ್ ನಿಲ್ಲುವುದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ 300 ಎಂಬಿಪಿಎಸ್‌ಗಿಂತ ಇದು ದೊಡ್ಡದು.

ಇನ್ನು ಯಾವ ಕಂಬ ಅನ್ನುವ ಪ್ರಶ್ನೆ. ಬೆಂಗಳೂರಿನಲ್ಲಿ ನೆಟ್ ಓಡಾಡುವುದು ನೆಲದ ಕೆಳಗೆ ಅಂತ ಅಂದುಕೊಂಡಿದ್ದರೆ ಒಮ್ಮೆ ತಲೆ ಎತ್ತಿ ನೋಡಿ. ಬೆಸ್ಕಾಂ ಕಂಬ, ಬೀದಿ ದೀಪದ ಕಂಬ, ಹೊಂಗೆ ಮರ, ಯಾರದ್ದೋ ಟೆರೇಸಿನ ಪ್ಯಾರಪೆಟ್, ಎಲ್ಲದರ ಮೇಲೂ ಕಪ್ಪು ಕೇಬಲ್ ಸುತ್ತಿಕೊಂಡು ಹೋಗುತ್ತದೆ. ಎಷ್ಟು ಸತ್ತಿದೆ, ಎಷ್ಟು ಬದುಕಿದೆ ಅಂತ ಹಾಕಿದವರಿಗೂ ಗೊತ್ತಿರಲಿಕ್ಕಿಲ್ಲ. ಬೆಸ್ಕಾಂನವರು, ಪಾಲಿಕೆಯವರು ಆಗಾಗ ಇವನ್ನು ಕತ್ತರಿಸಿ ಹಾಕುತ್ತಾರೆ. ಅವರು ಮಾಡುವುದು ಸರಿಯೇ, ಫುಟ್‌ಪಾತ್ ಮೇಲೆ ಜೋತು ಬಿದ್ದ ಕೇಬಲ್ ಕುತ್ತಿಗೆಗೆ ಸಿಕ್ಕಿ ಬೈಕಿನವರು ಬೀಳುವ ಊರು ಇದು. ಆದರೆ ಕತ್ತರಿಸಿದ ದಿನ ನಿಮ್ಮ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದಿರುವ ಕೆಂಪು ದೀಪ ಮಿಣುಕುತ್ತದೆ. ಅಂದರೆ ಬೆಳಕು ಬರುತ್ತಿಲ್ಲ, ತಂತಿ ಎಲ್ಲೋ ತುಂಡಾಗಿದೆ ಅಂತ. ಏಪ್ರಿಲ್ ಮೇ ತಿಂಗಳ ಮೊದಲ ಮಳೆಗೂ ಇದೇ ಗತಿ. ಸಂಜೆ ಗಾಳಿ ಎದ್ದಿತು ಅಂದರೆ ಗುಲ್‌ಮೊಹರ್ ಕೊಂಬೆ ಒಂದಾದರೂ ಮುರಿದು ಬೀಳಲೇಬೇಕು, ಅದು ಬಿದ್ದರೆ ಅದರ ಜೊತೆಗೆ ಕೇಬಲ್ಲೂ.

ನಮ್ಮ ಈಗಿನ ಕಂಪನಿಯ ತಂತಿ ಬರುವುದು ಮುಂದಿನ ದೊಡ್ಡ ರಸ್ತೆ ದಾಟಿ, ಮರದಿಂದ ಮರಕ್ಕೆ ಹಾರಿಕೊಂಡು. ಪ್ರತಿ ಬೇಸಿಗೆಯಲ್ಲಿ ಅದು ತುಂಡಾಗುತ್ತದೆ, ಬಂದು ಜೋಡಿಸುತ್ತಾರೆ. ಪ್ರತಿ ಜೋಡಣೆಯಲ್ಲೂ ಸ್ವಲ್ಪ ಬೆಳಕು ಕಳೆದು ಹೋಗುತ್ತದೆ. ಮಷಿನ್ ಇಟ್ಟು ಚೆನ್ನಾಗಿ ಸ್ಪ್ಲೈಸ್ ಮಾಡಿದರೆ ಕಳೆಯುವುದು ಲೆಕ್ಕಕ್ಕೇ ಇಲ್ಲ. ಮಳೆಯಲ್ಲಿ ಏಣಿ ಮೇಲೆ ನಿಂತು ಕೈಯಲ್ಲೇ ಕನೆಕ್ಟರ್ ಸಿಕ್ಕಿಸಿ ಟೇಪ್ ಸುತ್ತಿ ಹೋದರೆ ಜಾಸ್ತಿಯೇ ಕಳೆಯುತ್ತದೆ. ಮನೆಯ ಡಬ್ಬಿಗೆ ಎಷ್ಟು ಬೆಳಕು ಬರುತ್ತಿದೆ ಅನ್ನುವುದನ್ನು ಡಿಬಿಎಂ ಲೆಕ್ಕದಲ್ಲಿ ಆ ಡಬ್ಬಿಯ ಸೆಟ್ಟಿಂಗ್ಸ್ ಪುಟದಲ್ಲೇ ನೋಡಬಹುದು. ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27 ದಾಟಿ ಕೆಳಗಿಳಿದರೆ ಬೆಳಕು ತೀರಾ ಕಡಿಮೆ, ಯಾವಾಗ ಬೇಕಾದರೂ ಕೈ ಕೊಡುತ್ತದೆ. ನಮ್ಮದು ಗಡಿಯಲ್ಲೇ ಕೂತಿತ್ತು. ಹೊಸ ಕನೆಕ್ಷನ್ ಹಾಕಿಸುವ ದಿನ ಹುಡುಗನ ಕೈಯಲ್ಲಿ ಪವರ್ ಮೀಟರ್ ಇರುತ್ತದೆ, ಆ ಅಂಕಿ ತೋರಿಸಿ ಅಂತ ಕೇಳಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಏನಾದರೂ ಆದರೆ ಹೋಲಿಸಲು ಬರುತ್ತದೆ.

ಛತ್ರಿ ಕೆಳಗಿನ ಹುಡುಗರಿಂದ ಸಿಗದ ಉತ್ತರ ನನಗೆ ಸಿಕ್ಕಿದ್ದು ನಮ್ಮ ಲೈನ್ ಹುಡುಗನಿಂದ. ಈಗಿನ ಕಂಪನಿಯ ತಂತಿ ತುಂಡಾದಾಗಲೆಲ್ಲ ಬರುವವನು. ಏಣಿಯಿಂದ ಇಳಿದ ಮೇಲೆ ಕಾಫಿ ಕೊಟ್ಟು ಸ್ವಲ್ಪ ಸಂಕೋಚದಿಂದಲೇ ಕೇಳಿದೆ, ಈ ಎದುರು ಕಂಪನಿ ಹೇಗಪ್ಪಾ ಅಂತ. ಅವನಿಗೆ ಸಂಕೋಚ ಏನೂ ಇರಲಿಲ್ಲ.

"ಅದಕ್ಕೂ ನಾನೇ ಬರೋದು ಸಾರ್. ಈ ಏರಿಯಾ ಕಾಂಟ್ರ್ಯಾಕ್ಟ್ ಎರಡೂ ನಮ್ಮ ಓನರ್‌ದೇ."

ಟೀ ಶರ್ಟ್ ಬೇರೆ, ಆ್ಯಪ್ ಬೇರೆ, ಕಾಲ್ ಸೆಂಟರ್ ಬೇರೆ, ಏಣಿ ಹತ್ತುವವನು ಮಾತ್ರ ಒಬ್ಬನೇ! ಆದರೆ ಅವನು ಹೇಳಿದ ಮುಂದಿನ ಮಾತು ಮುಖ್ಯ. ಎದುರು ಕಂಪನಿಯ ತಂತಿ ಬರುವುದು ಹಿಂದಿನ ಕ್ರಾಸ್ ಕಡೆಯಿಂದ, ಅಲ್ಲಿ ದೊಡ್ಡ ಮರ ಇಲ್ಲ, ಸ್ಪ್ಲಿಟರ್ ಡಬ್ಬಿ ನಮ್ಮ ಹಿಂದಿನ ಮನೆಯ ಗೋಡೆ ಮೇಲೇ ಇದೆ, ಅದರಲ್ಲಿ ಇನ್ನೂ ಜಾಗ ಖಾಲಿ ಇದೆ. "ಇಲ್ಲಿ ತುಂಬ್ಕೊಂಡಿದೆ ಸಾರ್, ಅಲ್ಲಿ ಕಸ್ಟಮರ್ಸ್ ಕಮ್ಮಿ." ನನಗೆ ಬೇಕಾಗಿದ್ದು ಇಷ್ಟೇ. ಯಾವ ಸ್ಪೀಡ್ ಟೆಸ್ಟೂ ಯಾವ ರಿವ್ಯೂವೂ ಇದನ್ನು ಹೇಳುವುದಿಲ್ಲ.

ಅವನ ಮಾತೊಂದೇ ನಂಬಿ ಕೂರಲಿಲ್ಲ. ಹಿಂದಿನ ಕ್ರಾಸಿನಲ್ಲಿ ಆ ಕಂಪನಿಯದ್ದೇ ಹಾಕಿಸಿಕೊಂಡಿರುವ ಮನೆಯವರನ್ನು ಕೇಳಿದೆ. ಹೇಗಿದೆ ಅಂತ ಕೇಳಿದರೆ ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ, ಹೋದ ಸಲ ಕೆಟ್ಟಾಗ ಎಷ್ಟು ಹೊತ್ತಿಗೆ ಬಂದರು, ಈ ಎರಡೇ ಕೇಳಿ. ಅಲ್ಲಿನ ಆಂಟಿ ಒಬ್ಬರು ತಮ್ಮ ಮನೆ ವೈಫೈ ಪಾಸ್‌ವರ್ಡೇ ಕೊಟ್ಟು ನೋಡಿಕೊಳ್ಳಪ್ಪಾ ಅಂದರು. ರಾತ್ರಿ ಹೊತ್ತು ಅವರ ಜಗುಲಿಯಲ್ಲಿ ಕೂತು ಪಿಂಗ್ ಓಡಿಸಿ ನೋಡಿದೆ. ನಮ್ಮ ಮನೆಯಲ್ಲಿ ತಡವರಿಸುವ ಹೊತ್ತಿನಲ್ಲಿ ಅಲ್ಲಿ ಅಲುಗಾಡಲಿಲ್ಲ.

ಮಧ್ಯದಲ್ಲಿ ಏರ್‌ಫೈಬರ್ ಯೋಚನೆಯೂ ಬಂತು. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಶುರು ಮಾಡಿದವಲ್ಲ, ಟೆರೇಸಿನ ಮೇಲೆ ಒಂದು ಡಬ್ಬಿ ಇಟ್ಟು 5ಜಿ ಟವರಿನಿಂದ ನೆಟ್ ತೆಗೆದುಕೊಳ್ಳುವುದು. ಕಂಬ, ಮರ, ಬೆಸ್ಕಾಂ ಯಾವ ತಾಪತ್ರಯವೂ ಇಲ್ಲ. ಫೈಬರ್ ಬಾರದ ಹೊಸ ಲೇಔಟುಗಳಲ್ಲಿ, ಊರ ಹೊರಗೆ ಇದು ದೊಡ್ಡ ಅನುಕೂಲ. ಆದರೆ ಟವರಿನ ಗಾಳಿಯನ್ನು ಸುತ್ತಲಿನ ಮೊಬೈಲ್‌ಗಳ ಜೊತೆ ಹಂಚಿಕೊಳ್ಳಬೇಕು, ಸಂಜೆ ಹೊತ್ತು ಎಲ್ಲರೂ ಮನೆಗೆ ಬಂದಾಗ ಅದೇ ಇಕ್ಕಟ್ಟು ಇಲ್ಲಿಯೂ ಬರಬಹುದು. ಫೈಬರ್ ಸಿಗುವ ಬೀದಿಯಲ್ಲಿ ಇದ್ದುಕೊಂಡು ಗಾಳಿಯಲ್ಲಿ ತೆಗೆದುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ದುಡ್ಡಿನ ಲೆಕ್ಕ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಬ್ಯಾನರಿನಲ್ಲಿ ಕಾಣುವ ರೇಟಿಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿಕೊಳ್ಳಿ. 499 ಅಂದರೆ 589, 799 ಅಂದರೆ 943, 999 ಅಂದರೆ 1179. ಅನ್‌ಲಿಮಿಟೆಡ್ ಅನ್ನುವುದಕ್ಕೂ ಒಂದು ಲಿಮಿಟ್ ಇರುತ್ತದೆ, ದೊಡ್ಡ ಕಂಪನಿಗಳ ಫೈಬರ್ ಪ್ಲಾನಿನಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3300 ಜಿಬಿ. ಮನೆ ಬಳಕೆಯಲ್ಲಿ ಅದನ್ನು ಮುಗಿಸುವವರು ಅಪರೂಪ, ಬಿಟ್ಟುಬಿಡಿ. ಒಟಿಟಿ ಫ್ರೀ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ನೀವು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಿದ್ದ ಒಟಿಟಿ ಅದರಲ್ಲಿ ಇದ್ದರೆ ಮಾತ್ರ ಲಾಭ. ರೂಟರ್ ಫ್ರೀ ಅಂದರೆ ಬಹಳ ಸಲ ಅದು ಕಂಪನಿಯದ್ದೇ ವಸ್ತು, ಬಿಡುವಾಗ ವಾಪಸ್ ಕೊಡಬೇಕು.

ನಾನು ಹಟ ಹಿಡಿದಿದ್ದು ಒಂದೇ ವಿಷಯಕ್ಕೆ. ಆರು ತಿಂಗಳು, ವರ್ಷ ಅಂತ ಒಟ್ಟಿಗೆ ಕಟ್ಟುವುದಿಲ್ಲ. ತಿಂಗಳು ತಿಂಗಳು ಕಟ್ಟುತ್ತೇನೆ, ಇನ್‌ಸ್ಟಾಲೇಶನ್ ಚಾರ್ಜ್ ಬೇಕಾದರೆ ತೆಗೆದುಕೊಳ್ಳಿ ಅಂದೆ. ಛತ್ರಿಯ ಹುಡುಗನಿಗೆ ಬೇಜಾರಾಯಿತು. ಆದರೆ ಯೋಚನೆ ಮಾಡಿ, ಗಿರಾಕಿಯ ಕೈಯಲ್ಲಿ ಇರುವ ಕೋಲು ಅದೊಂದೇ. ವರ್ಷದ ದುಡ್ಡು ಮೊದಲೇ ಕೊಟ್ಟವನ ದೂರಿಗೂ, ಮುಂದಿನ ತಿಂಗಳು ಬಿಟ್ಟು ಹೋಗಬಹುದಾದವನ ದೂರಿಗೂ ಒಂದೇ ಬೆಲೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆ ಒಂದು ತಿಂಗಳ ಫ್ರೀಗೆ ನಾವು ಮಾರಿಕೊಳ್ಳುತ್ತಿರುವುದು ಅದನ್ನೇ.

ಮೊಬೈಲ್ ಆಗಿದ್ದರೆ ಪೋರ್ಟ್ ಮಾಡಿಸಿ ಮುಗಿಸಬಹುದಿತ್ತು. 2011ರ ಜನವರಿಯಿಂದ ದೇಶದಾದ್ಯಂತ ಆ ಸೌಲಭ್ಯ ಇದೆ, ನಂಬರ್ ಹಾಗೇ ಉಳಿದು ಕಂಪನಿ ಬದಲಾಗುತ್ತದೆ. ಮನೆ ನೆಟ್ಟಿಗೆ ಹಾಗೆ ಇಲ್ಲ. ಹಳೆಯದನ್ನು ಬಿಡಬೇಕು, ಹೊಸದನ್ನು ಹಾಕಿಸಬೇಕು, ನೆಟ್ ಜೊತೆ ಬಂದ ಲ್ಯಾಂಡ್‌ಲೈನ್ ನಂಬರ್ ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಕೊಟ್ಟಿದ್ದರೆ ಅದನ್ನು ಮೊದಲು ಬದಲಿಸಿಕೊಳ್ಳಬೇಕು. ಹಾಗಾಗಿ ಹಳೆಯದು ಇರುವಾಗಲೇ ಹೊಸದು ಬರಲಿ, ಎರಡೂ ಕೆಲವು ದಿನ ಜೊತೆಗೆ ಓಡಲಿ ಅಂತ ತೀರ್ಮಾನ ಮಾಡಿದೆ. "ಎರಡೆರಡು ನೆಟ್ ಯಾಕೋ, ದುಡ್ಡು ಜಾಸ್ತಿ ಆಗಿದ್ಯಾ?" ಅಂದರು ಅಪ್ಪ. ಹರಿಕಥೆ ನಿಲ್ಲಲ್ಲ ಅಂದೆ. ಸುಮ್ಮನಾದರು.

ಬಾಡಿಗೆ ಮನೆಯವರು ಗೋಡೆಗೆ ತೂತು ಹಾಕಿಸುವ ಮುಂಚೆ ಓನರನ್ನು ಕೇಳಿ. ಹಳೇ ತೂತಿನಲ್ಲೇ ಎರಡನೇ ಕೇಬಲ್ ಹೋಗುತ್ತದೆ, ಬಹಳ ಸಲ ಹೊಸದು ಬೇಕಾಗುವುದಿಲ್ಲ. ಮನೆಯಲ್ಲಿ ಸಿಸಿಟಿವಿ ಹಾಕಿಸಿ ಹೊರಗಿನಿಂದ ನೋಡುತ್ತಿದ್ದರೆ ಹೊಸ ಕಂಪನಿ ಸಿಜಿನ್ಯಾಟ್ ಬಳಸುತ್ತದಾ ಅಂತ ಕೇಳಿ. ಬಳಸಿದರೆ ಒಂದು ಪಬ್ಲಿಕ್ ಐಪಿಯನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಕಾಣುವ ವಿಳಾಸವನ್ನು, ತುಂಬಾ ಮನೆಗಳು ಹಂಚಿಕೊಂಡಿರುತ್ತವೆ, ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ನೇರ ಮನೆಯ ರೂಟರಿಗೇ ಬಂದು) ನೋಡುವ ಹಳೇ ಕ್ಯಾಮೆರಾಗಳು ಕೆಲಸ ಮಾಡುವುದಿಲ್ಲ, ನಿಮಗೇ ಅಂತ ಬದಲಾಗದೆ ಇರುವ ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು. ಆ್ಯಪ್ ಮೂಲಕ ನೋಡುವ ಹೊಸ ಕ್ಯಾಮೆರಾಗಳಿಗೆ ಈ ತೊಂದರೆ ಇಲ್ಲ. ಮತ್ತೆ, ಹೊಸ ರೂಟರಿಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಇಡಿ. ಟಿವಿ, ಫೋನು, ಗೀಸರಿನ ಸ್ಮಾರ್ಟ್ ಪ್ಲಗ್, ಅಪ್ಪನ ಟ್ಯಾಬು, ಎಲ್ಲವೂ ತಾವಾಗಿ ಸೇರಿಕೊಳ್ಳುತ್ತವೆ. ಎರಡೂ ನೆಟ್ ಜೊತೆಗೆ ಓಡುವಾಗ ಮಾತ್ರ ಬೇರೆ ಹೆಸರು ಇರಲಿ, ಇಲ್ಲದಿದ್ದರೆ ಯಾವುದರಲ್ಲಿ ಇದ್ದೀರಿ ಅಂತ ನಿಮಗೇ ಗೊತ್ತಾಗುವುದಿಲ್ಲ.

ಬಿಡುತ್ತೇನೆ ಅಂತ ಹಳೇ ಕಂಪನಿಗೆ ಹೇಳಿದ ದಿನವೇ ಅವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಇಷ್ಟು ದಿನ ರೂಟರ್ ಆಫ್ ಮಾಡಿ ಅನ್ನುತ್ತಿದ್ದವರು ಈಗ ಅರ್ಧ ರೇಟ್, ಎರಡು ತಿಂಗಳು ಫ್ರೀ, ಸೀನಿಯರ್ ಎಂಜಿನಿಯರನ್ನೇ ಕಳಿಸುತ್ತೇವೆ ಅಂದರು. ನಿಮ್ಮ ತೊಂದರೆ ರೇಟ್ ಒಂದೇ ಆಗಿದ್ದರೆ ಧಾರಾಳವಾಗಿ ಒಪ್ಪಿಕೊಳ್ಳಿ, ಈ ಒಂದು ಫೋನಿನಿಂದ ಬದಲಿಸದೆಯೇ ಕೆಲಸ ಆಗುತ್ತದೆ. ನನ್ನದು ರೇಟಿನ ತೊಂದರೆ ಅಲ್ಲ. ರಾತ್ರಿ ಎಂಟಕ್ಕೆ ಲೈನ್ ದಪ್ಪ ಮಾಡುತ್ತೀರಾ ಅಂತ ಕೇಳಿದೆ, ಆ ಹುಡುಗಿ ಪಾಪ ಸ್ಕ್ರಿಪ್ಟಿನಲ್ಲಿ ಅದು ಇಲ್ಲದೆ ತಬ್ಬಿಬ್ಬಾದಳು.

ಬಿಡುವುದಾದರೆ ಬಾಯಿ ಮಾತಲ್ಲಿ ಬಿಡಬೇಡಿ. ಈಮೇಲ್ ಅಥವಾ ಆ್ಯಪ್ ಮೂಲಕ ಹೇಳಿ, ಡಾಕೆಟ್ ನಂಬರ್ (ನಿಮ್ಮ ಮನವಿ ದಾಖಲಾದ ಸಂಖ್ಯೆ) ತೆಗೆದುಕೊಳ್ಳಿ. ಬಿಲ್ಲಿಂಗ್ ಸೈಕಲ್ ಮುಗಿಯುವ ಮುಂಚೆಯೇ ಹೇಳಿ, ಪೋಸ್ಟ್‌ಪೇಯ್ಡ್ ಆದರೆ ಮುಖ್ಯವಾಗಿ. ಡೆಪಾಸಿಟ್ ವಾಪಸ್ ಬರದಿದ್ದರೆ, ಬಿಟ್ಟ ಮೇಲೂ ಬಿಲ್ ಬಂದರೆ, ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಅಪೆಲೆಟ್ ಅಥಾರಿಟಿ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಈ ಎರಡು ಮೆಟ್ಟಿಲು ಇರಲೇಬೇಕು, ಮೇಲ್ಮನವಿಗೆ 39 ದಿನದಲ್ಲಿ ಉತ್ತರ ಕೊಡಬೇಕು. ನೇರ ಟ್ರಾಯ್‌ಗೇ ಬರೆಯುತ್ತೇನೆ ಅನ್ನುವವರಿದ್ದಾರೆ, ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡುವುದಿಲ್ಲ.

ಹೊಸ ಕನೆಕ್ಷನ್ ಮೊನ್ನೆ ಬಂತು. 100 ಎಂಬಿಪಿಎಸ್, ತಿಂಗಳ ಲೆಕ್ಕ, ಹಿಂದಿನ ಕ್ರಾಸಿನ ಗೋಡೆಯಿಂದ. ಮೀಟರಿನಲ್ಲಿ ಮೈನಸ್ 19. ಎಳೆದವನು ಅದೇ ನಮ್ಮ ಹುಡುಗ, ಅದೇ ಏಣಿ, ಟೀ ಶರ್ಟ್ ಮಾತ್ರ ಬೇರೆ. ಡಬ್ಬಿಯನ್ನು ಹಾಲಿನ ಮಧ್ಯದ ಗೋಡೆಗೆ ಹಾಕಿಸಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಕೇಬಲ್ ಬೇಕಾಯಿತು, ಕೊಟ್ಟ. ಸಂಜೆ ಮೀಟಿಂಗ್ ಹೊಸದರಲ್ಲಿ, ಹರಿಕಥೆ ಹಳೆಯದರಲ್ಲಿ, ಸದ್ಯಕ್ಕೆ ಹೀಗೆ ಓಡುತ್ತಿದೆ. ಈಗಿನ ತನಕ ಚೆನ್ನಾಗಿದೆ, ಆದರೆ ಒಂದು ಜೋರು ಮಳೆ ಬಂದು ಹೋಗುವ ತನಕ ನಾನು ಯಾರಿಗೂ ಆ ಕಂಪನಿಯ ಹೆಸರು ಹೇಳುವುದಿಲ್ಲ, ಕೇಳಬೇಡಿ. ನಿಮ್ಮ ಬೀದಿಯ ಕಂಬ ಬೇರೆ ತಾನೇ.

ತಿಂಗಳ ಕೊನೆಗೆ ಹಳೇ ಡಬ್ಬಿ ವಾಪಸ್ ಕೊಡಬೇಕು. ಅಡಾಪ್ಟರ್ ಸಮೇತ ತೆಗೆದಿಟ್ಟಿದ್ದೇನೆ, ಸೀರಿಯಲ್ ನಂಬರಿನ ಫೋಟೋ ತೆಗೆದಿದ್ದೇನೆ. ಯಾರು ತೆಗೆದುಕೊಂಡು ಹೋಗಲು ಬರುತ್ತಾರೋ ಅವರಿಂದ ರಸೀದಿ ಇಲ್ಲದೆ ಬಾಗಿಲು ದಾಟಿಸುವುದಿಲ್ಲ, ಬರುವವನು ನಮ್ಮ ಏಣಿ ಹುಡುಗನೇ ಆದರೂ.